ಕನಿಕರ ಸಾಲದು, ಎಡೆ ಬೇಕು

ಬ್ರಿಟನ್ನಿನ ಬಿಬಿಸಿ ವಾಹಿನಿಯಲ್ಲಿ 2012ರ ಜನವರಿಯಲ್ಲಿ ತೊಡಗಿ ಒಂದು ದಶಕಕ್ಕೂ ಮೀರಿ ನಡೆದುಬಂದಿರುವ ‘ಕಾಲ್ ದ ಮಿಡ್‌ವೈಫ್’ ಎಂಬ ಧಾರಾವಾಹಿಯನ್ನು ಭಾನುವಾರದ ರಾತ್ರಿಯ ಹಿತವಾದ ಕಾಲಕ್ಷೇಪವೆಂದು ಭಾವಿಸುವವರು ಅನೇಕರು. ದಾದಿಯರು ಸೈಕಲ್ಲನ್ನೇರಿ ಲಂಡನ್ನಿನ ಹಡಗುಕಟ್ಟೆಯ ಕೇರಿಗಳಲ್ಲಿ ಸಾಗುವುದು, ಸನ್ಯಾಸಿನಿಯರ ಪ್ರಾರ್ಥನಾಮಂದಿರದಿಂದ ಸಂಜೆಯ ಗಾನ ತೇಲಿಬರುವುದು, ಕಂತಿನಿಂದ ಕಂತಿಗೆ ಎಳೆಗೂಸುಗಳ ಮೊದಲ ಅಳು ಕೇಳಿಸುವುದು, ಇವೆಲ್ಲದರಿಂದ ಅದು ಗತಕಾಲದ ಒಂದು ಸುಂದರ ಚಿತ್ರಸಂಪುಟದಂತೆ ತೋರುವುದು ಸಹಜವೇ. ಆದರೆ ಈ ಚೆಲುವಿನ ಮರೆಯಲ್ಲಿ ಆ ಕಥಾಮಾಲೆಯು ವರ್ಷವರ್ಷವೂ ಬಿಡದೆ ಕೇಳುತ್ತ ಬಂದಿರುವ ಒಂದು ಗಹನವಾದ ಪ್ರಶ್ನೆಯುಂಟು. ಅಂಗವೈಕಲ್ಯದೊಡನೆಯೋ ಬುದ್ಧಿಯ ಕುಂಠಿತದೊಡನೆಯೋ ಹುಟ್ಟಿದ ಮಗುವನ್ನು ಸಮಾಜವು ಏನು ಮಾಡಿತು, ಹಾಗೆ ಮಾಡಿ ತನ್ನ ಅಂತಃಕರಣವನ್ನು ಹೇಗೆ ಸಮಾಧಾನಪಡಿಸಿಕೊಂಡಿತು ಎಂಬುದೇ ಆ ಪ್ರಶ್ನೆ. ಇದಕ್ಕೆ ಧಾರಾವಾಹಿಯು ತನ್ನ ಶ್ರೇಷ್ಠವಾದ ಕಂತುಗಳಲ್ಲಿ ಕೊಟ್ಟಿರುವ ಉತ್ತರವು, ದೇಶಕಾಲಗಳ ಎಲ್ಲೆಯನ್ನು ದಾಟಿ, ನಮ್ಮ ಪರ್ಯಾಲೋಚನೆಗೂ ಅರ್ಹವಾದುದೆಂದು ನಾನು ನಂಬಿದ್ದೇನೆ.

ಈ ಕಥೆಗೆ ಮೂಲವಾದುದು ಜೆನ್ನಿಫರ್ ವರ್ತ್ ಎಂಬವರ ಸ್ಮೃತಿಗ್ರಂಥಗಳು. 1935ರಲ್ಲಿ ಹುಟ್ಟಿ, ದಾದಿಯಾಗಿ ಶಿಕ್ಷಣ ಪಡೆದು, 1950ರ ದಶಕದಲ್ಲಿ ಪೂರ್ವ ಲಂಡನ್ನಿನ ಪಾಪ್ಲರ್ ಎಂಬ ಬಡವರ ಪೇಟೆಯಲ್ಲಿ ಆಂಗ್ಲಿಕನ್ ಸನ್ಯಾಸಿನಿಯರೊಡನೆ ಸೂಲಗಿತ್ತಿಯ ಕೆಲಸ ಮಾಡಿದ ಅವರು, ತಮ್ಮ ಇಳಿವಯಸ್ಸಿನಲ್ಲಿ ಆ ದಿನಗಳನ್ನು ನೆನೆದು ಬರೆದ ಮೊದಲ ಪುಸ್ತಕವು 2002ರಲ್ಲಿ ಹೊರಬಂದಿತು. ಅದನ್ನು ನಾಟಕರೂಪಕ್ಕೆ ತಂದ ಲೇಖಕಿ ಹೈಡಿ ಥಾಮಸ್. ತಮ್ಮ ಬರಹ ತೆರೆಯ ಮೇಲೆ ಮೂಡುವುದಕ್ಕೆ ಕೆಲವು ತಿಂಗಳು ಮೊದಲೇ, 2011ರಲ್ಲಿ, ವರ್ತ್ ತೀರಿಕೊಂಡರು. ಕಥೆಯು 1957ರಲ್ಲಿ ಆರಂಭವಾಗಿ, ಹೆಚ್ಚುಕಡಿಮೆ ಸರಣಿಗೊಂದು ವರ್ಷದಂತೆ ಮುಂದೆ ನಡೆದು, 1970ರ ದಶಕದ ಹೊಸ್ತಿಲನ್ನು ದಾಟಿದೆ. ಈ ನಿಧಾನಗತಿಯೇ ಅದರ ವಿಶೇಷ ಸೌಕರ್ಯ. ಎರಡು ಗಂಟೆಗಳ ಚಲನಚಿತ್ರದಲ್ಲಿ ಮನೋಭಾವದ ಪರಿವರ್ತನೆಯನ್ನು ತೋರಿಸಹೊರಟವರು ಅದನ್ನು ಒಂದು ಭಾಷಣದಲ್ಲಿಯೋ ಒಂದು ಕಣ್ಣೀರಿನಲ್ಲಿಯೋ ಮುಗಿಸಬೇಕಾಗುತ್ತದೆ. ಅದೇ ಕೇರಿ, ಅದೇ ವೈದ್ಯ, ಅದೇ ದಾದಿಯರನ್ನು ಹದಿಮೂರು ಹದಿನಾಲ್ಕು ವರ್ಷಗಳ ಪರ್ಯಂತ ಹಿಂಬಾಲಿಸುವ ಕಥನಕ್ಕಾದರೋ, ಜನರ ಮನಸ್ಸು ನಿಜವಾಗಿ ಹೇಗೆ ಬದಲಾಗುತ್ತದೆಯೋ ಹಾಗೆಯೇ, ಎಡವುತ್ತ, ಹಿಂದಕ್ಕೆ ಸರಿಯುತ್ತ, ಮತ್ತೆ ಹೆಜ್ಜೆಯಿಡುತ್ತ ಬದಲಾಗುವುದನ್ನು ಕಾಣಿಸುವ ಅವಕಾಶವಿದೆ.

ಇಂಥ ಪರಿವರ್ತನೆಗೆ ಸೂಲಗಿತ್ತಿಗಿಂತ ಉತ್ತಮಳಾದ ಸಾಕ್ಷಿಯು ದೊರೆಯಲಾರಳು. 1902ರ ಶಾಸನದಿಂದ ಇಂಗ್ಲೆಂಡಿನಲ್ಲಿ ಆಕೆಯ ವೃತ್ತಿಗೆ ಶಿಕ್ಷಣವೂ ನೋಂದಣಿಯೂ ಏರ್ಪಟ್ಟಿದ್ದವು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯು ಸ್ಥಾಪಿತವಾದಂದಿನಿಂದ ಆಕೆಯ ನೆರವು ಬಡವರ ಮನೆಗೂ ಹಣವಿಲ್ಲದೆ ಲಭಿಸುವಂತಾಯಿತು. ಇಕ್ಕಟ್ಟಾದ ಎರಡು ಕೋಣೆಗಳಲ್ಲಿ ಹತ್ತು ಮಂದಿ ವಾಸಿಸುವ ಮನೆಯೊಳಕ್ಕೆ ಆಕೆ ಹೋಗುತ್ತಾಳೆ. ಅಲ್ಲಿಯ ಒಲೆಯಲ್ಲಿ ನೀರು ಕಾಯುವುದೇ, ತೊಟ್ಟಿಲಿಗೆ ಬಟ್ಟೆಯುಂಟೇ, ಗಂಡ ಕುಡಿದು ಬರುವನೇ, ಅತ್ತೆ ಆಸರೆಯಾಗುವಳೇ ಎಂಬುದನ್ನೆಲ್ಲ ಬಲ್ಲಳು. ಹೆಚ್ಚಿನದೇನೆಂದರೆ, ಮಗುವನ್ನು ಮೊತ್ತಮೊದಲು ಕಾಣುವ ಕಣ್ಣು ಆಕೆಯದು. ವೈದ್ಯನಿಗಿಂತಲೂ ಪಾದ್ರಿಗಿಂತಲೂ ನೆರೆಹೊರೆಗಿಂತಲೂ ಮೊದಲು, ಹೆತ್ತ ತಾಯಿಗಿಂತಲೂ ಒಂದು ಕ್ಷಣ ಮೊದಲು, ಕೂಸಿನ ರೂಪವನ್ನು ನೋಡುವವಳು ಆಕೆ. ಆ ಕ್ಷಣದಲ್ಲಿ ತಾಯಿ ನೋಡುತ್ತಿರುವುದು ಆಕೆಯ ಮುಖವನ್ನು. ಆ ಮುಖದಲ್ಲಿ ಭೀತಿ ತೋರಿತೋ ಸ್ವಾಗತ ತೋರಿತೋ ಎಂಬುದರ ಮೇಲೆ ಒಂದು ಸಂಸಾರದ ಮುಂದಿನ ದಿನಗಳ ಬಣ್ಣವು ಎಷ್ಟೋ ಮಟ್ಟಿಗೆ ನಿಲ್ಲುತ್ತದೆ. ಸಮಾಜವು ತನ್ನ ಮಗುವನ್ನು ಒಳಗೆ ಬರಮಾಡಿಕೊಳ್ಳುವ ಬಾಗಿಲಿನಲ್ಲಿ ನಿಂತಿರುವ ಈ ಹೆಂಗಸಿನ ಕಣ್ಣಿನಿಂದ ನೋಡುವುದರಿಂದಲೇ ಈ ಧಾರಾವಾಹಿಯ ದೃಷ್ಟಿಗೆ ಒಂದು ನೈತಿಕವಾದ ತೀಕ್ಷ್ಣತೆ ಬಂದಿದೆ.

ಕಥೆ ಆರಂಭವಾಗುವ ಕಾಲದ ಬ್ರಿಟನ್ನಿನಲ್ಲಿ ಅಂಗವಿಕಲರ, ಅದರಲ್ಲಿಯೂ ಬುದ್ಧಿವಿಕಾಸ ಕುಂಠಿತವಾದವರ, ಪಾಡು ಏನಾಗಿತ್ತೆಂಬುದನ್ನು ಇಲ್ಲಿ ಸ್ಮರಿಸಬೇಕು. 1913ರ ಶಾಸನವು ಇಂದು ಬೈಗುಳಗಳಾಗಿ ಮಾತ್ರ ಉಳಿದಿರುವ ಪದಗಳಿಂದ ಅವರನ್ನು ವರ್ಗವರ್ಗವಾಗಿ ವಿಂಗಡಿಸಿ, ಊರಿನಿಂದ ದೂರವಾದ ಬೃಹತ್ ಆವರಣಗಳಲ್ಲಿ ಬಾಳಿನುದ್ದಕ್ಕೂ ಇರಿಸತಕ್ಕ ಪದ್ಧತಿಗೆ ಬಲಕೊಟ್ಟಿತ್ತು; ಅದನ್ನು ತೆಗೆದುಹಾಕಿದುದು 1959ರ ಮಾನಸಿಕ ಆರೋಗ್ಯ ಶಾಸನ. 1866ರಲ್ಲಿ ಲ್ಯಾಂಗ್‌ಡನ್ ಡೌನ್ ಎಂಬ ವೈದ್ಯನು ವರ್ಣಿಸಿದ, ಇಂದು ಡೌನ್ ಸಿಂಡ್ರೋಮ್ ಎಂದು ಕರೆಯಲಾಗುವ ಸ್ಥಿತಿಗೆ ಒಂದು ಜನಾಂಗದ ಹೆಸರನ್ನೇ ಅಂಟಿಸಲಾಗಿತ್ತು. ಆ ಸ್ಥಿತಿಗೆ ಕಾರಣ ಅಧಿಕವಾದ ಒಂದು ವರ್ಣತಂತುವೆಂಬುದನ್ನು 1959ರಲ್ಲಿ ಫ್ರಾನ್ಸಿನ ಲೆಜೂನ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಮೇಲೆ, 1961ರಲ್ಲಿ ತಳಿವಿಜ್ಞಾನಿಗಳ ಒಂದು ತಂಡವು ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದು ಆ ಹಳೆಯ ಹೆಸರನ್ನು ಕೈಬಿಡಬೇಕೆಂದು ಕೇಳಿತು. ಇಂಥ ಮಕ್ಕಳು ಹುಟ್ಟಿದಾಗ ವೈದ್ಯರು ತಾಯಿತಂದೆಯರಿಗೆ ಕೊಡುತ್ತಿದ್ದ ಸಾಮಾನ್ಯ ಸಲಹೆಯೆಂದರೆ, ಇದನ್ನು ಸಂಸ್ಥೆಗೆ ಒಪ್ಪಿಸಿಬಿಡಿ, ಮರೆತುಬಿಡಿ, ಇನ್ನೊಂದನ್ನು ಹೆತ್ತುಕೊಳ್ಳಿ ಎಂಬುದು. ಈ ಸಲಹೆ ಕೊಟ್ಟವರು ದುಷ್ಟರಲ್ಲ; ಬಳಲಿದ ತಾಯಿಯ ಮೇಲಣ ಮರುಕದಿಂದಲೇ ಅವರು ಹಾಗೆ ಹೇಳಿದರು. ನನ್ನ ಮಾತಿನ ತಿರುಳೂ ಇಲ್ಲಿಯೇ ಇದೆ. ಆ ಕಾಲದಲ್ಲಿ ಅಂಗವಿಕಲ ಮಕ್ಕಳಿಗೆ ನಡೆದ ಘೋರವಾದ ಅನ್ಯಾಯಗಳಲ್ಲಿ ಬಹುಭಾಗವು ಕನಿಕರವುಳ್ಳ ಸಜ್ಜನರ ಕೈಯಿಂದ, ಒಳಿತನ್ನೇ ಮಾಡುತ್ತಿರುವೆವೆಂಬ ನಂಬಿಕೆಯಿಂದ, ನಡೆದವು.

2014ರಲ್ಲಿ ಪ್ರಸಾರವಾದ ಮೂರನೆಯ ಸರಣಿಯ ಒಂದು ಕಂತು ಈ ಸತ್ಯವನ್ನು ಎದೆಗೆ ನಾಟುವಂತೆ ಮುಂದಿಡುತ್ತದೆ. ಸಂಸ್ಥೆಯೊಂದರಲ್ಲಿ ವಾಸವಾಗಿರುವ ಸ್ಯಾಲಿ ಎಂಬ ಡೌನ್ ಸಿಂಡ್ರೋಮಿನ ತರುಣಿ ಗರ್ಭಿಣಿಯಾಗಿದ್ದಾಳೆಂದು ತಿಳಿದಾಗ, ಸುತ್ತಣವರೆಲ್ಲ ಯಾವನೋ ಪಾಪಿ ಆಕೆಯ ಮೇಲೆ ಬಲಾತ್ಕಾರ ನಡೆಸಿರಬೇಕೆಂದೇ ಊಹಿಸುತ್ತಾರೆ. ಆಕೆಗೂ ಒಂದು ಪ್ರೇಮವಿರಬಹುದು, ಆ ಪ್ರೇಮಕ್ಕೆ ಒಬ್ಬ ಪಾತ್ರನಿರಬಹುದು ಎಂಬ ಯೋಚನೆ ಯಾರಿಗೂ ಹೊಳೆಯುವುದಿಲ್ಲ. ಆ ಪಾತ್ರನು ಅದೇ ಸಂಸ್ಥೆಯಲ್ಲಿರುವ, ಸೆರೆಬ್ರಲ್ ಪಾಲ್ಸಿಯಿಂದ ಮಾತೂ ನಡಿಗೆಯೂ ಕಷ್ಟವಾದ ಜೇಕಬ್ ಎಂಬ ತೀಕ್ಷ್ಣಬುದ್ಧಿಯ ಯುವಕ. ಅವರ ಮಗು ಬದುಕುವುದಿಲ್ಲ; ಅವರಿಬ್ಬರನ್ನು ಒಂದಾಗಿ ಬಾಳಗೊಡುವುದೂ ಇಲ್ಲ. ಈ ಕಥೆಯಲ್ಲಿ ಸ್ಯಾಲಿಯ ತಾಯಿತಂದೆಯರು ಕ್ರೂರಿಗಳಾಗಿ ಕಾಣಿಸುವುದಿಲ್ಲ. ಅವರು ಮಗಳನ್ನು ಪ್ರೀತಿಸುತ್ತಾರೆ, ಆಕೆಗಾಗಿ ಅಳುತ್ತಾರೆ. ಆದರೆ ಆಕೆಗೆ ಏನು ಬೇಕೆಂದು ಯಾರೊಬ್ಬರೂ ಆಕೆಯನ್ನೇ ಕೇಳಿ ನಡೆಯುವುದಿಲ್ಲ. ಪ್ರೀತಿಯೂ ಕಣ್ಣೀರೂ ಧಾರಾಳವಾಗಿದ್ದು, ಒಬ್ಬ ಮನುಷ್ಯಳಿಗೆ ತನ್ನ ಬಾಳಿನ ಮೇಲೆ ತೃಣದಷ್ಟೂ ಅಧಿಕಾರವಿಲ್ಲದಿರಬಹುದೆಂಬುದನ್ನು ಆ ಕಂತು ತೋರಿಸಿತು. ಅದರಲ್ಲಿ ಸ್ಯಾಲಿಯಾಗಿ ನಟಿಸಿದ ಸಾರಾ ಗೋರ್ಡಿಯವರು ತಾವೇ ಡೌನ್ ಸಿಂಡ್ರೋಮ್ ಉಳ್ಳವರಾಗಿ, ನಟನೆಯನ್ನು ವೃತ್ತಿಯಾಗಿ ಸಾಧಿಸಿಕೊಂಡವರೆಂಬುದು ಕಥೆಯ ವಾದಕ್ಕೆ ಮತ್ತೊಂದು ಸಮರ್ಥನೆ.

ಇದಕ್ಕಿಂತಲೂ ವಿಸ್ತಾರವಾಗಿ ಈ ವಿಷಯವು ಬೆಳೆದುದು ಥ್ಯಾಲಿಡೊಮೈಡ್ ದುರಂತದ ಕಥನದಲ್ಲಿ. ಜರ್ಮನಿಯ ಗ್ರುನೆಂಟಾಲ್ ಎಂಬ ಸಂಸ್ಥೆಯು 1957ರ ಅಕ್ಟೋಬರಿನಲ್ಲಿ ಮಾರಾಟಕ್ಕೆ ತಂದ ಈ ಔಷಧವನ್ನು ಬ್ರಿಟನ್ನಿನಲ್ಲಿ 1958ರಿಂದ ಡಿಸ್ಟಿಲರ್ಸ್ ಎಂಬ ಮದ್ಯ ತಯಾರಿಕೆಯ ಸಂಸ್ಥೆಯು ‘ಡಿಸ್ಟಾವಲ್’ ಎಂಬ ಹೆಸರಿನಿಂದ ಮಾರಿತು. ನಿದ್ರೆಗೂ ಬಸುರಿಯರ ವಾಕರಿಕೆಗೂ ಇದು ಸಿದ್ಧೌಷಧವೆಂದು ವೈದ್ಯರು ನಂಬಿದರು. ಗರ್ಭಿಣಿಯರಿಗೂ ಬಾಣಂತಿಯರಿಗೂ ಇದರಿಂದ ಯಾವ ಅಪಾಯವೂ ಇಲ್ಲವೆಂದು ಜಾಹೀರಾತು ಸಾರಿತು. ಗರ್ಭದ ಮೊದಮೊದಲ ವಾರಗಳಲ್ಲಿ, ಕೂಸಿನ ಕೈಕಾಲುಗಳು ಮೂಡುವ ಹೊತ್ತಿನಲ್ಲಿ, ಇದನ್ನು ನುಂಗಿದ ತಾಯಂದಿರ ಮಕ್ಕಳು ಮೊಟಕಾದ ಕೈಗಳಿಂದ, ಮೂಡದ ಕಾಲುಗಳಿಂದ, ಕೆಲವೊಮ್ಮೆ ಕಣ್ಣು ಕಿವಿ ಹೃದಯಗಳ ವಿಕಾರದಿಂದ ಹುಟ್ಟಿದರು. ಜರ್ಮನಿಯಲ್ಲಿ ವಿಡುಕಿಂಡ್ ಲೆಂಟ್ಸ್, ಆಸ್ಟ್ರೇಲಿಯಾದಲ್ಲಿ ವಿಲಿಯಂ ಮೆಕ್‌ಬ್ರೈಡ್ ಎಂಬ ವೈದ್ಯರು ಕಾರಣವನ್ನು ಶಂಕಿಸಿ ಎಚ್ಚರಿಸಿದ ಮೇಲೆ, 1961ರ ಅಂತ್ಯದ ವೇಳೆಗೆ ಔಷಧವನ್ನು ಪೇಟೆಯಿಂದ ಹಿಂತೆಗೆಯಲಾಯಿತು. ಅಷ್ಟರಲ್ಲಿ ಜಗತ್ತಿನಲ್ಲಿ 10,000ಕ್ಕೂ ಮಿಕ್ಕ ಮಕ್ಕಳು ಇದಕ್ಕೆ ಬಲಿಯಾಗಿದ್ದರು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿಣಿಯೊಬ್ಬರು, ಸುರಕ್ಷತೆಯ ಸಾಕ್ಷ್ಯ ಸಾಲದೆಂದು ಹಟಹಿಡಿದು ಅನುಮತಿಯನ್ನು ತಡೆದುದರಿಂದ, ಆ ದೇಶವು ಬಹುಮಟ್ಟಿಗೆ ಪಾರಾಯಿತು.

ಈ ಚರಿತ್ರೆಯನ್ನು ಧಾರಾವಾಹಿಯು ಪಾಪ್ಲರಿನ ಒಂದು ಮನೆಯೊಳಕ್ಕೆ ತಂದು ನಿಲ್ಲಿಸಿದ ರೀತಿ ಪ್ರಶಂಸನೀಯವಾದುದು. 2016ರ ಐದನೆಯ ಸರಣಿಯ ಆರಂಭದಲ್ಲಿ ರೋಡಾ ಮುಲಕ್ಸ್ ಎಂಬ ತಾಯಿ, ಅದಾಗಲೇ ಮಕ್ಕಳುಳ್ಳವಳು, ಪೂರ್ಣವಾಗಿ ಬೆಳೆಯದ ಕೈಕಾಲುಗಳ ಹೆಣ್ಣುಮಗುವನ್ನು ಹೆರುತ್ತಾಳೆ. ಕಾರಣವೇನೆಂದು ಅಲ್ಲಿ ಯಾರಿಗೂ ತಿಳಿಯದು. ತಾನೇ ಏನೋ ತಪ್ಪುಮಾಡಿರಬೇಕೆಂದು ತಾಯಿಯೂ, ಇದು ಯಾವುದೋ ಪ್ರಕೃತಿವಿಕಾರವೆಂದು ಇತರರೂ ಭಾವಿಸುತ್ತಾರೆ. ಪ್ರೇಕ್ಷಕರಾದ ನಮಗೆ ಮಾತ್ರ ಆ ಗುಳಿಗೆಯ ಸಂಗತಿ ಗೊತ್ತಿದ್ದು, ಕಂತಿನಿಂದ ಕಂತಿಗೆ ಅದು ಮತ್ತೆ ಮತ್ತೆ ಇತರ ಬಸುರಿಯರ ಕೈಸೇರುವುದನ್ನು ಕಂಡು ನಾವು ತಲ್ಲಣಿಸುತ್ತೇವೆ. ಅದನ್ನು ಬರೆದುಕೊಡುತ್ತಿರುವವನಾದರೂ ಯಾರು? ಇಡಿಯ ಕಥೆಯಲ್ಲಿ ನಾವು ಮೆಚ್ಚಿಕೊಂಡು ಬಂದಿರುವ, ಬಡವರ ಪಾಲಿಗೆ ಹಗಲಿರುಳೂ ದುಡಿಯುವ ಡಾಕ್ಟರ್ ಟರ್ನರ್. ಸತ್ಯವು ಹೊರಬಿದ್ದಂದು, ತನ್ನ ಕೈಬರಹದ ಚೀಟಿಯೇ ಆ ಮಕ್ಕಳ ಅಂಗಗಳನ್ನು ಕಸಿದುದೆಂದು ಅರಿತು ಆತ ಕುಸಿಯುವ ದೃಶ್ಯದಲ್ಲಿ, ಒಳ್ಳೆಯ ಉದ್ದೇಶವೊಂದರಿಂದಲೇ ಮನುಷ್ಯನು ನಿರ್ದೋಷಿಯಾಗನೆಂಬ ಕಟುಸತ್ಯವು ಯಾವ ಉಪದೇಶದ ನೆರವಿಲ್ಲದೆ ನಮ್ಮನ್ನು ಮುಟ್ಟುತ್ತದೆ.

ಅದೇ ಸರಣಿಯಲ್ಲಿ ಇನ್ನೊಂದು ದೃಶ್ಯವುಂಟು. ನೋಡಿದವರು ಅದನ್ನು ಮರೆಯಲಾರರು. ಇಂತಹುದೇ ವೈಕಲ್ಯದೊಡನೆ ಆಸ್ಪತ್ರೆಯಲ್ಲಿ ಜನಿಸಿದ ಮಗುವೊಂದನ್ನು, ತಾಯಿಗೆ ತೋರಿಸದೆ ಒಯ್ದು, ತೆರೆದ ಕಿಟಕಿಯ ಬಳಿ ಚಳಿಯಲ್ಲಿ ಮಲಗಿಸಿ, ಅದು ತಾನಾಗಿಯೇ ಸಾಯಲೆಂದು ಬಿಟ್ಟಿರುತ್ತಾರೆ. ಮಠದ ಹಿರಿಯ ಸೋದರಿ ಜೂಲಿಯೆನ್ ಅದನ್ನು ಕಂಡು, ಎತ್ತಿ ಎದೆಗೊತ್ತಿಕೊಳ್ಳುತ್ತಾಳೆ. ಕಿಟಕಿಯನ್ನು ತೆರೆದಿಟ್ಟ ಕೈ ಹಗೆಯಿಂದ ತೆರೆದುದಲ್ಲ. ಈ ಜೀವ ಬದುಕಿ ಪಡಬಹುದಾದ ಸಂಕಟದಿಂದ ಅದನ್ನು ತಪ್ಪಿಸೋಣವೆಂಬ ಮರುಕವೇ ಅಲ್ಲಿಯೂ ಪ್ರೇರಕವಾಗಿದ್ದಿರಬೇಕು. ಮರುಕವು ಒಂದು ಜೀವದ ಬೆಲೆಯನ್ನು ತಾನೇ ನಿರ್ಣಯಿಸಲು ಹೊರಟಾಗ ಎಲ್ಲಿಗೆ ಮುಟ್ಟುವುದೆಂಬುದಕ್ಕೆ ಇದಕ್ಕಿಂತ ಭಯಂಕರವಾದ ನಿದರ್ಶನ ಬೇಕಿಲ್ಲ. ಜೂಲಿಯೆನ್ ಆ ಕೂಸಿಗಾಗಿ ಮಾಡುವುದು ಅತ್ಯಲ್ಪ. ಅದನ್ನು ಗುಣಪಡಿಸಲಾರಳು, ಉಳಿಸಲಾರಳು. ಆದರೆ ಅದು ಇರುವಷ್ಟು ಹೊತ್ತು ಮನುಷ್ಯರ ನಡುವೆ ಮನುಷ್ಯನಾಗಿ ಇರುವಂತೆ ತನ್ನ ತೋಳಿನಲ್ಲಿ ಅದಕ್ಕೆ ಎಡೆಗೊಡುತ್ತಾಳೆ. ಕನಿಕರಕ್ಕೂ ಎಡೆಗೊಡುವುದಕ್ಕೂ ಇರುವ ಅಂತರವು ಇಷ್ಟು ನಿಚ್ಚಳವಾಗಿ ತೋರಿದ ದೃಶ್ಯಗಳು ದೂರದರ್ಶನದಲ್ಲಿ ವಿರಳ.

ಎಡೆಗೊಡುವುದೆಂದರೆ ದಿನನಿತ್ಯದ ಬಾಳಿನಲ್ಲಿ ಏನೆಂಬುದನ್ನು ರೆಜಿ ಎಂಬ ಪಾತ್ರದಲ್ಲಿ ನೋಡಬಹುದು. 2017ರಲ್ಲಿ ಕಥೆಯೊಳಕ್ಕೆ ಬಂದ ಈ ಡೌನ್ ಸಿಂಡ್ರೋಮಿನ ಹುಡುಗನಿಗೆ ತಾಯಿ ತೀರಿಕೊಂಡು ದಿಕ್ಕಿಲ್ಲದಾದಾಗ, ಬಂಧುವಾದ ವಯಲೆಟ್ ಮತ್ತು ಆಕೆಯ ಗಂಡ, ಮಠದ ಆಳುಕೆಲಸದ ಫ್ರೆಡ್, ತಮ್ಮ ಅಂಗಡಿಯ ಮನೆಯಲ್ಲಿ ಅವನಿಗೆ ಆಶ್ರಯ ಕೊಡುತ್ತಾರೆ. ಅವನನ್ನು ಒಯ್ದು ಮುಚ್ಚಿಡುವ ಸಂಸ್ಥೆಗಳಿಗೆ ಬದಲಾಗಿ, ಕೆಲಸವೂ ಗೆಳೆತನವೂ ಇರುವ ಒಂದು ವಸತಿಯನ್ನು ಹುಡುಕುತ್ತಾರೆ. ಆಸ್ಟ್ರಿಯಾದಿಂದ ನಿರಾಶ್ರಿತನಾಗಿ ಬಂದ ಕಾರ್ಲ್ ಕೋನಿಗ್ ಎಂಬ ವೈದ್ಯನು 1940ರಲ್ಲಿ ಸ್ಕಾಟ್ಲೆಂಡಿನಲ್ಲಿ ಆರಂಭಿಸಿದ ಕ್ಯಾಂಪ್‌ಹಿಲ್‌ನಂತಹ ಸಮುದಾಯಗಳು ಆ ವೇಳೆಗೆ ನಿಜವಾಗಿಯೂ ಇದ್ದವು. ರೆಜಿಯ ಪಾತ್ರಧಾರಿ ಡೇನಿಯಲ್ ಲಾರಿಯವರೂ ಡೌನ್ ಸಿಂಡ್ರೋಮ್ ಉಳ್ಳ ನಟರು. ಅವನು ಒಂದು ಕಂತಿನ ಸಮಸ್ಯೆಯಾಗಿ ಬಂದು ಮರೆಯಾಗದೆ, ಹಬ್ಬಕ್ಕೆ ಮನೆಗೆ ಬರುವ ಮಗನಾಗಿ, ಗಿಡಗಳನ್ನು ಬೆಳೆಸುವವನಾಗಿ, ಮುನಿಯುವವನೂ ನಗುವವನೂ ಆಗಿ ಕಥೆಯಲ್ಲಿ ಉಳಿದಿದ್ದಾನೆ. ಹಾಗೆಯೇ ಡಾಕ್ಟರ್ ಟರ್ನರನ ಮಗ ಟಿಮೊತಿಗೆ 2013ರ ಕ್ರಿಸ್‌ಮಸ್ ಕಂತಿನಲ್ಲಿ ಪೋಲಿಯೊ ತಗಲುತ್ತದೆ. ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡ ಆ ಹುಡುಗನೇ ಮುಂದೆ ವೈದ್ಯಶಾಸ್ತ್ರದ ವಿದ್ಯಾರ್ಥಿಯಾಗುತ್ತಾನೆ. ಒಬ್ಬ ಮನುಷ್ಯನು ಬರಿಯ ದೃಷ್ಟಾಂತವಾಗಿರುವುದನ್ನು ಬಿಟ್ಟು ನಮ್ಮ ಕೇರಿಯವನಾಗುವುದು ಹೀಗೆ, ಬಹುಕಾಲ ಕಣ್ಣಮುಂದೆ ಇರುವುದರಿಂದ.

ಈ ಧಾರಾವಾಹಿಗೆ ವಿರೋಧವಾಗಿ ಹೇಳಬಹುದಾದ ಎರಡು ಮಾತುಗಳನ್ನು ಉಪೇಕ್ಷಿಸುವುದು ನ್ಯಾಯವಾಗದು. ಹಲವು ಕಂತುಗಳಲ್ಲಿ ವಿಕಲಾಂಗ ಶಿಶುವು ಬಂದುಹೋಗುವುದು ಇತರರ ಮನಸ್ಸನ್ನು ಕರಗಿಸುವುದಕ್ಕಾಗಿಯೇ. ಆ ಶಿಶುವಿನ ಬಾಳು ಮುಂದೇನಾಯಿತೆಂದು ನಾವು ಕೇಳುವುದಿಲ್ಲ ಎಂಬುದು ಒಂದು ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ, ರೆಜಿಯಂತಹ ಪಾತ್ರಗಳು ಇನ್ನೂ ಹೆಚ್ಚಾಗಿ ಬೇಕಾಗಿದ್ದವು. ಇನ್ನೊಂದು ಆಕ್ಷೇಪವು ಹೆಚ್ಚು ಗಂಭೀರವಾದುದು. ಗತಕಾಲದ ಅನ್ಯಾಯಗಳನ್ನು ಅಚ್ಚುಕಟ್ಟಾದ ವೇಷಭೂಷಣಗಳಲ್ಲಿ ನೋಡುವಾಗ, ಅಂದಿನವರು ಎಷ್ಟು ಅಜ್ಞಾನಿಗಳಾಗಿದ್ದರು, ಇಂದಿನ ನಾವು ಎಷ್ಟು ಉದಾರಿಗಳು ಎಂಬ ಆತ್ಮತೃಪ್ತಿಯು ಪ್ರೇಕ್ಷಕನಲ್ಲಿ ಹುಟ್ಟುವ ಅಪಾಯವುಂಟು. ಪ್ರತಿ ಕಂತಿನ ಕೊನೆಯಲ್ಲಿ ವನೆಸಾ ರೆಡ್‌ಗ್ರೇವ್ ಅವರ ಪ್ರೌಢವಾದ ಧ್ವನಿಯು ಪ್ರೀತಿಯ ಮಹಿಮೆಯನ್ನು ನುಡಿದು ಮುಗಿಸುವಾಗ, ಪ್ರೀತಿಯಿಂದಲೇ ಎಲ್ಲವೂ ಸರಿಹೋಯಿತೆಂಬ ಭ್ರಮೆಗೆ ನಾವು ಒಳಗಾಗಬಹುದು. ಚರಿತ್ರೆಯ ಸಾಕ್ಷ್ಯ ಹಾಗಿಲ್ಲ.

ಚರಿತ್ರೆ ಹೇಳುವುದೇನೆಂದರೆ, ಅಂದು ಮನೋಭಾವ ಬದಲಾದುದು ಹೋರಾಟದಿಂದ. 1946ರಲ್ಲಿ ಜೂಡಿ ಫ್ರೈಡ್ ಎಂಬ ತಾಯಿಯೊಬ್ಬಳು, ತನ್ನ ಮಗಳಿಗೆ ಶಾಲೆಯ ಬಾಗಿಲು ಮುಚ್ಚಿದುದನ್ನು ಸಹಿಸದೆ, ತನ್ನಂಥ ಇತರ ತಾಯಿತಂದೆಯರನ್ನು ಒಟ್ಟುಗೂಡಿಸಿದಳು. ಇಂದಿನ ಮೆನ್‌ಕ್ಯಾಪ್ ಸಂಸ್ಥೆ ಬೆಳೆದುದು ಆ ಬೀಜದಿಂದ. ಕಾರ್ಡಿಫ್ ನಗರದ ಈಲಿ ಆಸ್ಪತ್ರೆಯಲ್ಲಿ ನಡೆಯುತ್ತಿದ್ದ ದುರ್ವ್ಯವಹಾರಗಳನ್ನು 1969ರ ವಿಚಾರಣಾ ವರದಿಯು ಬಯಲಿಗೆಳೆದು, ದೊಡ್ಡ ಆವರಣಗಳ ಗೋಡೆಯ ಹಿಂದೆ ಏನಿದೆಯೆಂಬುದನ್ನು ದೇಶಕ್ಕೆ ತೋರಿಸಿತು. ಶಿಕ್ಷಣಕ್ಕೆ ಅರ್ಹರಲ್ಲವೆಂದು ಅದುವರೆಗೆ ದೂರವಿಟ್ಟಿದ್ದ ಮಕ್ಕಳನ್ನೂ ಶಾಲೆಯ ವ್ಯವಸ್ಥೆಯೊಳಕ್ಕೆ ತಂದುದು 1970ರ ಶಾಸನ. ಆಲ್ಫ್ ಮಾರಿಸ್ ಎಂಬ ಸದಸ್ಯರು ಅದೇ ವರ್ಷ ಪಾರ್ಲಿಮೆಂಟಿನಲ್ಲಿ ಗೆಲ್ಲಿಸಿಕೊಂಡ ಇನ್ನೊಂದು ಶಾಸನದಿಂದ ಅಂಗವಿಕಲರಿಗೆ ನೆರವು ನೀಡುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯವಾಯಿತು. ಥ್ಯಾಲಿಡೊಮೈಡ್ ಮಕ್ಕಳಿಗೆ ತಕ್ಕ ಪರಿಹಾರ ದೊರೆತುದು, ಹೆರಲ್ಡ್ ಇವಾನ್ಸ್ ಸಂಪಾದಕತ್ವದ ‘ಸಂಡೇ ಟೈಮ್ಸ್’ ಪತ್ರಿಕೆಯು 1972ರಲ್ಲಿ ಎತ್ತಿದ ಚಳವಳಿಯ ಬಳಿಕ; ನಿಧಿಯೊಂದು ಸ್ಥಾಪಿತವಾದುದು 1973ರಲ್ಲಿ; ಬ್ರಿಟಿಷ್ ಸರಕಾರವು ಅಧಿಕೃತವಾಗಿ ವಿಷಾದ ಸೂಚಿಸಿದುದು 2010ರಲ್ಲಿ, ಆ ಮಕ್ಕಳಿಗೆ ಐವತ್ತು ವರ್ಷ ಸಮೀಪಿಸಿದ ಮೇಲೆ. 1972ರಲ್ಲಿ ಪಾಲ್ ಹಂಟ್ ಎಂಬ ಅಂಗವಿಕಲರು ತಮ್ಮಂಥವರನ್ನು ಸಂಘಟಿಸಲು ಕರೆಕೊಟ್ಟರು. ಆ ಸಂಘಟನೆಯಿಂದ ಬೆಳೆದ ವಿಚಾರಧಾರೆಯು, ಕುಂದು ದೇಹದಲ್ಲಿದ್ದರೂ ಅಡ್ಡಿಯನ್ನು ಕಟ್ಟಿರುವುದು ಸಮಾಜವೆಂದೂ, ಅದನ್ನು ಕೆಡವುವುದು ಸಮಾಜದ ಹೊಣೆಯೆಂದೂ ಸಾರಿತು. ಇವರಾರೂ ಕನಿಕರವನ್ನು ಬೇಡಲಿಲ್ಲ, ಹಕ್ಕನ್ನು ಕೇಳಿದರು.

ಇಷ್ಟನ್ನು ಹೇಳಿ, ಕಥೆಯ ಕಾಲಕ್ಕೂ ನಮಗೂ ನೇರವಾಗಿ ಸಂಬಂಧಿಸಿದ ಒಂದು ಕ್ಲಿಷ್ಟವಾದ ವಿಷಯವನ್ನು ಮುಟ್ಟದೆ ಬಿಡಲಾಗದು. ಕದ್ದುಮುಚ್ಚಿ ನಡೆಯುತ್ತಿದ್ದ ಗರ್ಭಪಾತಗಳಲ್ಲಿ ಬಡ ಹೆಂಗಸರು ಪಟ್ಟ ನೋವನ್ನೂ ಸಾವನ್ನೂ ಈ ಧಾರಾವಾಹಿಯು ಮರೆಮಾಚದೆ ತೋರಿಸಿದೆ. ಆ ಸಂಕಟಕ್ಕೆ ಪರಿಹಾರವಾಗಿ ಬಂದ ಬ್ರಿಟನ್ನಿನ 1967ರ ಶಾಸನವು ಹೆಣ್ಣಿನ ಪ್ರಾಣವನ್ನೂ ಮಾನವನ್ನೂ ಉಳಿಸಿತೆಂಬುದರಲ್ಲಿ ಸಂಶಯವಿಲ್ಲ. ಹುಟ್ಟಲಿರುವ ಮಗು ತೀವ್ರವಾದ ಅಂಗವೈಕಲ್ಯಕ್ಕೆ ಒಳಗಾಗುವ ಗಣನೀಯ ಸಂಭವವಿದ್ದರೆ ಗರ್ಭವನ್ನು ತೆಗೆಸಬಹುದೆಂದು ಆ ಶಾಸನದಲ್ಲಿ ಬಂದ ವಿಧಿಯು, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ, ನಮ್ಮ ದೇಶದ 1971ರ ಶಾಸನದಲ್ಲಿಯೂ ಸ್ಥಾನ ಪಡೆಯಿತು. ನಿರ್ಣಯಿಸುವ ಅಧಿಕಾರ ತಾಯಿಯದಾಗಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಹುಟ್ಟಿದ ಮಗುವಿಗೆ ಶಾಲೆಯಿಲ್ಲ, ಚಿಕಿತ್ಸೆಗೆ ನೆರವಿಲ್ಲ, ತಾಯಿಗೆ ಒಂದು ಗಳಿಗೆಯ ವಿಶ್ರಾಂತಿಯಿಲ್ಲ, ನಮ್ಮ ತರುವಾಯ ಇದನ್ನು ನೋಡುವವರಾರು ಎಂಬ ಚಿಂತೆಗೆ ಕೊನೆಯಿಲ್ಲ ಎನ್ನುವಂಥ ಸಮಾಜದಲ್ಲಿ ಆಕೆ ಮಾಡುವ ನಿರ್ಣಯವನ್ನು ಸ್ವತಂತ್ರವಾದುದೆಂದು ಹೇಗೆ ಕರೆಯೋಣ? ಮಗುವಿಗೆ ಎಡೆಯಿರುವ ನಾಡಿನಲ್ಲಿ ಮಾತ್ರ ತಾಯಿಯ ಆಯ್ಕೆಯು ನಿಜವಾದ ಆಯ್ಕೆಯಾದೀತು. ಹೆಣ್ಣಿನ ಹಕ್ಕನ್ನೂ ಅಂಗವಿಕಲರ ಹಕ್ಕನ್ನೂ ಒಂದಕ್ಕೊಂದು ಎದುರಾಗಿ ನಿಲ್ಲಿಸುವವರು ಈ ಸತ್ಯವನ್ನು ಗಮನಿಸಬೇಕು.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಶಿಕ್ಷಣ, ಉದ್ಯೋಗ, ಸಾರ್ವಜನಿಕ ಕಟ್ಟಡಗಳ ಪ್ರವೇಶ ಇವೆಲ್ಲವನ್ನೂ ಹಕ್ಕಿನ ಭಾಷೆಯಲ್ಲಿಯೇ ಹೇಳಿದೆ. ಆ ಭಾಷೆಯು ಹೆರಿಗೆಯ ಕೋಣೆಯವರೆಗೆ ಇಳಿದುಬರಬೇಕು. ಮಗುವಿನಲ್ಲಿ ವ್ಯತ್ಯಾಸ ಕಂಡಾಗ ತಾಯಿಗೆ ಅದನ್ನು ಯಾರು, ಯಾವಾಗ, ಯಾವ ಮಾತಿನಲ್ಲಿ ತಿಳಿಸತಕ್ಕದ್ದೆಂಬುದು ದಾದಿಯರ ಮತ್ತು ವೈದ್ಯರ ಶಿಕ್ಷಣದ ಮುಖ್ಯ ಪಾಠವಾಗಬೇಕು. ಮಗುವನ್ನು ಅದರ ಹೆಸರಿನಿಂದ ಕರೆದು ತಾಯಿಯ ಕೈಗಿತ್ತ ಮೇಲೆ ಕುಂದಿನ ಮಾತು ಬರಬೇಕು. ಆ ಮಾತಿನ ಜೊತೆಗೇ, ಅದೇ ಹಾದಿಯಲ್ಲಿ ಮೊದಲೇ ನಡೆದ ಇನ್ನೊಬ್ಬ ತಾಯಿಯ ಪರಿಚಯವೂ ನೆರವಿನ ದಾರಿಯೂ ಆಕೆಗೆ ದೊರೆಯಬೇಕು. ನಮ್ಮ ಧಾರಾವಾಹಿಗಳೂ ಚಲನಚಿತ್ರಗಳೂ ಅಂಗವಿಕಲರನ್ನು ಪಾಪಫಲದ ಗುರುತಾಗಿಯೋ ಕಣ್ಣೀರಿನ ಸಾಧನವಾಗಿಯೋ ಬಳಸುವುದನ್ನು ಬಿಟ್ಟು, ಅವರ ಪಾತ್ರಗಳನ್ನು ಅವರಿಗೇ ಕೊಟ್ಟು, ಸಂಸಾರದ ನಡುಮನೆಯಲ್ಲಿ ಅವರನ್ನು ವರ್ಷಗಟ್ಟಲೆ ಇರಗೊಡಬೇಕು.

ಇಂದಿನ ಸಜ್ಜನರಾದ ನಾವು ಇಂದು ಮರುಕದಿಂದ ಮಾಡುತ್ತಿರುವ ಯಾವ ಕೆಲಸವನ್ನು ಮುಂದಿನವರು ಅನ್ಯಾಯವೆಂದು ಕಂಡಾರು ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬ ಪ್ರೇಕ್ಷಕನೂ ತನಗೆ ಹಾಕಿಕೊಳ್ಳುವಂತಾದರೆ, ಪಾಪ್ಲರಿನ ಈ ದೀರ್ಘಕಥೆಯು ತನ್ನ ಪ್ರಯೋಜನವನ್ನು ಪಡೆದಂತೆ. ಅದಕ್ಕೆ ಉತ್ತರವನ್ನು ನಮ್ಮ ಹೃದಯದ ಮೃದುತ್ವದಲ್ಲಿ ಹುಡುಕಿ ಫಲವಿಲ್ಲ. ನಮ್ಮ ಶಾಲೆಯ ತರಗತಿಯಲ್ಲಿ, ಕಚೇರಿಯ ಮೇಜಿನ ಬಳಿ, ಮದುವೆಯ ಮನೆಯ ಪಂಕ್ತಿಯಲ್ಲಿ ಅಂಗವಿಕಲರು ಎಷ್ಟು ಮಂದಿ ಇದ್ದಾರೆ, ತಮ್ಮ ಬಾಳಿನ ವಿಷಯದಲ್ಲಿ ಅವರ ಮಾತು ಎಷ್ಟು ನಡೆಯುತ್ತದೆ ಎಂಬುದನ್ನು ನೋಡಿದರೆ ಉತ್ತರ ತಾನಾಗಿಯೇ ತಿಳಿಯುತ್ತದೆ. ಆ ಉತ್ತರ ನಮಗೆ ಹಿತವಾಗದಿದ್ದಲ್ಲಿ, ಅದನ್ನು ತಿದ್ದುವ ಕೆಲಸವೂ ನಮ್ಮದೇ.